ಗೃಹಾರೋಗ್ಯ: ಕೊಳವೆಬಾವಿಯ ನೀರೂ ಊರಿನ ಸಂಘವೂ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲವಷ್ಟೆ. ಪೂರ್ವಿಕರು ಮಳೆಯನ್ನೇ ನಂಬಿ ಕೆರೆಗಳನ್ನು ಕಟ್ಟಿದರು. ಕಾಲಕ್ರಮದಲ್ಲಿ ಕೆರೆಗಳಲ್ಲಿ ಹೂಳು ತುಂಬಿತು, ತೆರೆದ ಬಾವಿಗಳು ಬತ್ತಿದವು. ಜನರು ಸಾವಿರ ಅಡಿಯನ್ನೂ ಮೀರಿ ಕೊಳವೆಬಾವಿಗಳನ್ನು ಕೊರೆಯಿಸಿದರು. ಕಗ್ಗಲ್ಲಿನ ಬಿರುಕುಗಳಲ್ಲಿ ಬಹುಕಾಲ ನಿಂತ ಆ ನೀರಿನಲ್ಲಿ ಫ್ಲೋರೈಡು ಕರಗಿರುವುದುಂಟು. ಲೀಟರಿಗೆ 1.5 ಮಿಲಿಗ್ರಾಮನ್ನು ಮೀರಿದರೆ ನೀರು ಕುಡಿಯತಕ್ಕದ್ದಲ್ಲವೆಂದು ನಮ್ಮ ದೇಶದ ನಿಯಮ.

ಹಲ್ಲು ರೂಪುಗೊಳ್ಳುವ ವಯಸ್ಸಿನ ಮಕ್ಕಳು ಇಂತಹ ನೀರನ್ನು ಕುಡಿದರೆ ಹಲ್ಲಿನ ಮೇಲೆ ಮಾಸದ ಕಂದುಕಲೆಗಳು ಮೂಡುತ್ತವೆ. ಬಹುವರ್ಷ ಕುಡಿದವರ ಕೀಲುಗಳೂ ಬೆನ್ನೂ ಸೆಟೆದುಕೊಳ್ಳುತ್ತವೆ. ನೆಲ್ಲೂರು ಸೀಮೆಯಲ್ಲಿ ವೈದ್ಯರು ಈ ವ್ಯಾಧಿಯನ್ನು 1937ರಲ್ಲಿಯೇ ವರ್ಣಿಸಿದ್ದರು. ಬಾಗಿದ ಎಲುಬನ್ನು ನೆಟ್ಟಗೆ ಮಾಡುವ ಔಷಧವು ಇಂದಿಗೂ ಇಲ್ಲ.

ನಿಯಮವು ಲೀಟರಿನ ಲೆಕ್ಕದ್ದು. ದೇಹದ ಲೆಕ್ಕ ಬೇರೆ. ಬಿಸಿಲಿನಲ್ಲಿ ಕಳೆ ಕೀಳುವ ಕೂಲಿಯ ಹೆಂಗಸು ನೆರಳಿನಲ್ಲಿ ಕುಳಿತವರಿಗಿಂತ ಎಷ್ಟೋ ಹೆಚ್ಚು ನೀರು ಕುಡಿಯುತ್ತಾಳೆ. ಅವಳ ಮುದ್ದೆಯ ಎಸರಿಗೂ ಅದೇ ನೀರು. ಉಳ್ಳವರು ಶುದ್ಧೀಕರಿಸಿದ ನೀರಿನ ಕ್ಯಾನು ಕೊಳ್ಳುತ್ತಾರೆ.

ಔಷಧವಿಲ್ಲದ ವ್ಯಾಧಿಯ ನಿವಾರಣೆಯು ಆಸ್ಪತ್ರೆಗಿಂತ ಹೆಚ್ಚಾಗಿ ಊರಿನವರ ಹೊಣೆಯೆಂಬುದು ನಮ್ಮ ಅಭಿಪ್ರಾಯ. ಮುಳಬಾಗಿಲಿನ ಸೀಮೆಯಲ್ಲಿ ಗ್ರಾಮವಿಕಾಸವೆಂಬ ಸಂಸ್ಥೆಯು ಬಡ ಹೆಂಗಸರ ಸಂಘಗಳನ್ನು ಕಟ್ಟಿ, ಅವರ ಮುಂದಾಳುತನದಲ್ಲಿಯೇ ಕೆರೆಗಳ ಹೂಳನ್ನು ತೆಗೆಯಿಸಿತು. ಹೂಳು ಹೊಲಕ್ಕೆ ಗೊಬ್ಬರವಾಗುತ್ತದೆ. ಕೆರೆಯಲ್ಲಿ ನಿಂತ ಮಳೆನೀರು ಇಂಗಿ ಅಂತರ್ಜಲಕ್ಕೆ ಬೆರೆಯುತ್ತದೆ. 2018ರಿಂದ ಬೆಂಗಳೂರಿನ ಕೊಳಚೆನೀರನ್ನು ಎರಡು ಹಂತದಲ್ಲಿ ಸಂಸ್ಕರಿಸಿ ಇಲ್ಲಿಯ ಕೆಲವು ಕೆರೆಗಳಿಗೆ ಹರಿಸುತ್ತಿರುವುದು ಬೇರೆಯ ಮಾತು. ಅದು ಅಂತರ್ಜಲಕ್ಕಾಗಿಯೇ ಹೊರತು ಕುಡಿಯುವುದಕ್ಕಲ್ಲ.

ಹಳ್ಳಿಗಳಲ್ಲಿ ಸರಕಾರವು ಶುದ್ಧೀಕರಣ ಯಂತ್ರಗಳನ್ನೂ ಇರಿಸಿದೆ. ಯಂತ್ರವನ್ನು ಇಡುವುದು ಒಂದು ದಿನದ ಕೆಲಸ. ಸೋಸುವ ಪೊರೆಯನ್ನು ಕಾಲಕಾಲಕ್ಕೆ ಬದಲಾಯಿಸಿ, ಬಿಡಿಕಾಸಿನ ಲೆಕ್ಕವಿಟ್ಟು, ನೀರನ್ನು ಪರೀಕ್ಷೆಗೆ ಕಳುಹಿಸುವುದು ನಿತ್ಯದ ಕೆಲಸ. ಉಳಿತಾಯದ ಲೆಕ್ಕವನ್ನು ತಪ್ಪದೆ ಇಡುವ ಮಹಿಳಾ ಸಂಘಕ್ಕೆ ಇದು ಭಾರವಾಗಲಾರದು. ಪರೀಕ್ಷೆಯ ಫಲವನ್ನು ಅಂಗನವಾಡಿಯ ಗೋಡೆಯ ಮೇಲೆ ಬರೆಯಿಸುವ ಕೆಲಸವನ್ನೂ ಸಂಘವೇ ವಹಿಸಿಕೊಳ್ಳಬಹುದು.

ಕಾಯಿಸಿದ ನೀರು ಕ್ಷೇಮವೆಂದು ನಂಬಿರುವ ಗೃಹಿಣಿಯರು ಗಮನಿಸಬೇಕು: ಕುದಿಸಿದರೆ ಕ್ರಿಮಿಗಳು ಸಾಯುವುವೇ ಹೊರತು ಫ್ಲೋರೈಡು ಹೋಗದು, ನೀರು ಆವಿಯಾದಷ್ಟೂ ಉಳಿದುದರಲ್ಲಿ ಅದು ಸಾಂದ್ರವಾಗುತ್ತದೆ. ಶುದ್ಧವಾದ ನೀರು ಸಾಲದಿದ್ದಲ್ಲಿ ಮೊದಲು ಬಸುರಿಯರಿಗೂ ಎಂಟು ವರ್ಷದೊಳಗಿನ ಮಕ್ಕಳಿಗೂ, ಬಳಿಕ ಅಡಿಗೆಗೂ ಮೀಸಲಿಡತಕ್ಕದ್ದು. ಬಟ್ಟೆ ಪಾತ್ರೆಗಳಿಗೆ ಕೊಳವೆಬಾವಿಯ ನೀರೇ ಸಾಕು.