ಯಕ್ಷನೇ ಪುಣ್ಯವಂತ

"ವಿಡಿಯೋ ಕಾಲ್ ಇರೋವಾಗ ವಿರಹ ಎಲ್ಲಿಂದ ಬಂತು?" ಎಂದು ನಗುವ ಹಿರಿಯರೇ, ಕಾಳಿದಾಸನ ಯಕ್ಷನನ್ನೇ ತಗೊಳ್ಳಿ. ಅವನ ಶಾಪ 1 ವರ್ಷದ್ದು. ಮೋಡದ ಕೈಲಿ ಸುದ್ದಿ ಕಳಿಸುವಾಗ ಉಳಿದದ್ದು ಬರೀ 4 ತಿಂಗಳು; ವಿಷ್ಣು ಏಳುವ ಕಾರ್ತಿಕ ಏಕಾದಶಿಗೆ ಬಿಡುಗಡೆ. ನನ್ನ ಪಿಎಚ್‌ಡಿಗೆ ಅಂಥ ಏಕಾದಶಿ ಯಾವುದು?

ನಾನು ಪುಣೆಯ ಹಾಸ್ಟೆಲಿನಲ್ಲಿ, ಅವಳು ಧಾರವಾಡದಲ್ಲಿ. ಮನೆಯಲ್ಲಿ ಅವಳಿಗೆ ಗಂಡು ನೋಡುತ್ತಿದ್ದಾರೆ. ಬಟ್ಟೆ ಒಣಹಾಕುವ ನೆಪದಲ್ಲಿ ಮಾಳಿಗೆ ಮೇಲೆ ಹತ್ತು ನಿಮಿಷದ ಪಿಸುಮಾತು. ಕೆಳಗಿಂದ ಅವ್ವ ಕೂಗಿದರೆ ಪರದೆ ಕಪ್ಪು. ಅಳುವ ಕಣ್ಣು ಕಾಣುತ್ತದೆ, ಒರೆಸಲು ಕೈ ಎಟುಕುವುದಿಲ್ಲ. ಇದಕ್ಕೆ ಡೇಟಾ ಪ್ಯಾಕ್ ಮದ್ದೇ?

"ಮೊದಲು ಓದು, ಆಮೇಲೆ ಪ್ರೀತಿ" ಅಂತೀರಲ್ಲ, ಅವಳಪ್ಪನೆದುರು ನಿಂತು "ಮೊದಲು ಅವಳ ಓದು, ಆಮೇಲೆ ಮದುವೆ" ಅನ್ನಿ ನೋಡೋಣ.