ನಿವೃತ್ತರ ಬಡಾವಣೆಗೆ ಹೆಬ್ಬಾಗಿಲು: ಲಾಭ ಯಾರಿಗೆ, ವೆಚ್ಚ ಯಾರಿಗೆ?

ಹಿರಿಯ ನಾಗರಿಕರಿಗೆಂದೇ ನಿರ್ಮಿಸಲಾಗುವ ವಸತಿ ಸಮುಚ್ಚಯಗಳು ನಮ್ಮ ದೇಶದಲ್ಲಿಯೂ ಒಂದು ಉದ್ಯಮದ ರೂಪವನ್ನು ಪಡೆದಿವೆ. ಕೇಂದ್ರ ವಸತಿ ಸಚಿವಾಲಯವು 2019ರಲ್ಲಿ ನಿವೃತ್ತರ ಗೃಹಗಳಿಗಾಗಿ ಮಾದರಿ ಮಾರ್ಗಸೂಚಿಗಳನ್ನು ಪ್ರಕಟಿಸಿದ್ದು ಈ ಬೆಳವಣಿಗೆಗೆ ದೊರೆತ ಅಧಿಕೃತ ಮನ್ನಣೆಯೆಂದೇ ಭಾವಿಸಬಹುದು. ಇಂತಹ ಯಾವುದೇ ಯೋಜನೆಯ ಪರಿಚಯ ಪುಸ್ತಿಕೆಯನ್ನು ತೆರೆದರೂ ಮೊದಲು ಕಣ್ಣಿಗೆ ಬೀಳುವುದು ಮನೆಯಲ್ಲ, ಹೆಬ್ಬಾಗಿಲು. ಕಲ್ಲಿನ ಕಮಾನು, ಏರಿಳಿಯುವ ತಡೆಗೋಲು, ಗಾಜಿನ ಗೂಡಿನಲ್ಲಿ ಸಮವಸ್ತ್ರಧಾರಿ ಕಾವಲುಗಾರ. ಈ ಹೆಬ್ಬಾಗಿಲು ಹಾಕಿದ ಹಣಕ್ಕೆ ತಕ್ಕ ಪ್ರತಿಫಲವನ್ನು ಕೊಡುತ್ತದೆಯೇ ಎಂಬ ಪ್ರಶ್ನೆಯನ್ನು ಲೆಕ್ಕಪತ್ರದ ದೃಷ್ಟಿಯಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ. ನಮ್ಮ ಸದಸ್ಯರಲ್ಲಿ ಇಂತಹ ಬಡಾವಣೆಗಳನ್ನು ಕಟ್ಟುವವರಿದ್ದಾರೆ, ತಡೆಗೋಲು, ಮೋಟಾರು, ಕ್ಯಾಮೆರಾಗಳನ್ನು ಪೂರೈಸುವವರಿದ್ದಾರೆ, ವ್ಯಾಪಾರವನ್ನು ಮಕ್ಕಳಿಗೆ ಒಪ್ಪಿಸಿ ಅಂತಹ ಮನೆಯನ್ನು ಕೊಳ್ಳಲು ಯೋಚಿಸುತ್ತಿರುವವರೂ ಇದ್ದಾರೆ. ಮೂವರಿಗೂ ಈ ಲೆಕ್ಕ ಬೇರೆ ಬೇರೆಯಾಗಿ ಕೂಡುತ್ತದೆ.

ಈ ವಿಷಯದಲ್ಲಿ ನಮ್ಮ ಅನುಭವ ಇನ್ನೂ ಚಿಕ್ಕದು. ಅಮೆರಿಕದ ಅನುಭವಕ್ಕೆ ಆರು ದಶಕಗಳಿಗೂ ಮಿಕ್ಕ ವಯಸ್ಸಾಗಿದೆ. ಅಲ್ಲಿ ಈ ಉದ್ಯಮವು ಆರಂಭದಲ್ಲಿಯೇ ಎರಡು ದಾರಿಗಳನ್ನು ಹಿಡಿಯಿತು. ಅರಿಜೋನಾದ ಮರುಭೂಮಿಯಲ್ಲಿ ಡೆಲ್ ವೆಬ್ ಎಂಬ ಗುತ್ತಿಗೆದಾರರು 1960ರ ಜನವರಿ 1ರಂದು ಸನ್ ಸಿಟಿಯನ್ನು ತೆರೆದರು. ಅದಕ್ಕೆ ಹೆಬ್ಬಾಗಿಲಿರಲಿಲ್ಲ, ಇಂದಿಗೂ ಇಲ್ಲ. ಎರಡು ವರ್ಷಗಳ ನಂತರ ಕ್ಯಾಲಿಫೋರ್ನಿಯಾದ ಸೀಲ್ ಬೀಚಿನಲ್ಲಿ ರಾಸ್ ಕಾರ್ಟೀಸ್ ಅವರು ಲೀಷರ್ ವರ್ಲ್ಡ್ ಎಂಬ ಬಡಾವಣೆಯನ್ನು ಗೋಡೆ ಮತ್ತು ಕಾವಲು ದ್ವಾರಗಳ ಸಮೇತ ಕಟ್ಟಿದರು. ಎರಡೂ ಯೋಜನೆಗಳು ಗೆದ್ದವು. ಸನ್ ಸಿಟಿಯಲ್ಲಿ ಈಗ ಸುಮಾರು 40 ಸಾವಿರ ಜನರಿದ್ದಾರೆ, ಲೀಷರ್ ವರ್ಲ್ಡಿನಲ್ಲಿ ಸುಮಾರು 6,600 ಮನೆಗಳಿವೆ. ಹೆಬ್ಬಾಗಿಲಿಲ್ಲದೆ ಹಿರಿಯರು ಮನೆ ಕೊಳ್ಳುವುದಿಲ್ಲ ಎಂಬ ಮಾರಾಟಗಾರರ ವಾದಕ್ಕೆ ಈ ಒಂದು ಸಂಗತಿಯೇ ಸಾಕಷ್ಟು ಉತ್ತರವನ್ನು ಕೊಡುತ್ತದೆ.

ಆದರೆ ಹೆಚ್ಚು ಕುತೂಹಲಕಾರಿಯಾದುದು ಇವೆರಡರ ನಡುವೆ ನಿಲ್ಲುವ ಮೂರನೆಯ ಮಾದರಿ. ಫ್ಲಾರಿಡಾ ರಾಜ್ಯದ ಸಮ್ಟರ್ ಜಿಲ್ಲೆ ಹಾಗೂ ಅದರ ನೆರೆಹೊರೆಯಲ್ಲಿ ಹಬ್ಬಿರುವ ದಿ ವಿಲೇಜಸ್ ಎಂಬ ನಿವೃತ್ತರ ನಗರವು ಜಗತ್ತಿನ ಅತಿ ದೊಡ್ಡ ನಿವೃತ್ತರ ಬಡಾವಣೆಗಳಲ್ಲಿ ಒಂದು. 2010 ಮತ್ತು 2020ರ ಜನಗಣತಿಗಳ ನಡುವೆ ಅಲ್ಲಿನ ಜನಸಂಖ್ಯೆ ಸುಮಾರು 93 ಸಾವಿರದಿಂದ 1 ಲಕ್ಷ 30 ಸಾವಿರಕ್ಕೆ ಏರಿತು. ಅಮೆರಿಕದ ಮಹಾನಗರ ಪ್ರದೇಶಗಳಲ್ಲಿ ಆ ದಶಕದ ಅತಿ ಶೀಘ್ರ ಬೆಳವಣಿಗೆ ಇದೇ ಆಗಿತ್ತು. ಅಲ್ಲಿನ ಪ್ರತಿಯೊಂದು ಹಳ್ಳಿಗೂ, ಅಂದರೆ ಉಪಬಡಾವಣೆಗೂ, ಅಂದವಾದ ಪ್ರವೇಶದ್ವಾರವಿದೆ. ನಿವಾಸಿಗಳ ಕೈಯಲ್ಲಿ ದ್ವಾರವನ್ನು ತೆರೆಯುವ ಕಾರ್ಡ್ ಇರುತ್ತದೆ. ಹೊರಗಿನವರು ಬಂದರೆ? ಅಲ್ಲಿರುವ ಕೆಂಪು ಗುಂಡಿಯನ್ನು ಒತ್ತಿದರಾಯಿತು, ತಡೆಗೋಲು ಮೇಲೇಳುತ್ತದೆ. ಯಾರನ್ನು ನೋಡಲು ಬಂದಿರಿ ಎಂಬ ಪ್ರಶ್ನೆಗೆ ಉತ್ತರ ಕೊಡಲೇಬೇಕೆಂಬ ನಿರ್ಬಂಧವಿಲ್ಲ. ಕಾರಣ ಸರಳವಾದುದು. ಆ ದ್ವಾರಗಳ ಹಿಂದಿನ ಮುಖ್ಯ ರಸ್ತೆಗಳು ಸಾರ್ವಜನಿಕ ರಸ್ತೆಗಳು. ಸಾರ್ವಜನಿಕ ಹಣದಿಂದ ನಿರ್ವಹಿಸಲ್ಪಡುವ ರಸ್ತೆಯಲ್ಲಿ ಸಾರ್ವಜನಿಕರನ್ನು ತಡೆಯುವ ಅಧಿಕಾರ ಯಾರಿಗೂ ಇಲ್ಲ.

ಹಾಗಾದರೆ ಆ ದ್ವಾರಗಳು ಮಾಡುವ ಕೆಲಸವಾದರೂ ಏನು? ಸಮರ್ಥಕರು ಕೊಡುವ ಉತ್ತರಗಳನ್ನು ತಳ್ಳಿಹಾಕುವಂತಿಲ್ಲ. ವಾಹನಗಳ ವೇಗ ತಗ್ಗುತ್ತದೆ, ಹೋಗಿ ಬಂದವರ ಚಿತ್ರ ಕ್ಯಾಮೆರಾದಲ್ಲಿ ದಾಖಲಾಗುತ್ತದೆ, ಅಡ್ಡದಾರಿ ಹುಡುಕುವ ಚಾಲಕರು ಬೇರೆ ದಾರಿ ನೋಡಿಕೊಳ್ಳುತ್ತಾರೆ. ಆದರೆ ವೇಗವನ್ನು ತಗ್ಗಿಸಲು ಒಂದು ಉಬ್ಬು ಅಥವಾ ವೃತ್ತ ಸಾಕು, ಚಿತ್ರ ತೆಗೆಯಲು ಒಂದು ಕಂಬ ಸಾಕು. ಇದಕ್ಕಾಗಿ ಮೋಟಾರು, ಕೋಲು, ಕಾರ್ಡ್ ಯಂತ್ರ, ಗೂಡು, ಇವುಗಳನ್ನು ನೋಡಿಕೊಳ್ಳುವ ಸಿಬ್ಬಂದಿ ಇಷ್ಟೆಲ್ಲ ಬೇಕೇ? ಅಲ್ಲಿನ ತಡೆಗೋಲುಗಳಿಗೆ ವಾಹನಗಳು ಬಡಿಯುವುದು ಎಷ್ಟು ಸಾಮಾನ್ಯವೆಂದರೆ ಸ್ಥಳೀಯ ಪತ್ರಿಕೆಗಳಿಗೆ ಅದು ನಿತ್ಯದ ಸುದ್ದಿ. ಮುಂದಿನ ವಾಹನದ ಹಿಂದೆಯೇ ನುಗ್ಗಲು ಹೋಗಿ ಕೋಲನ್ನು ಮುರಿಯುವವರಲ್ಲಿ ಅಲ್ಲಿನ ನಿವಾಸಿಗಳೂ ಇರುತ್ತಾರೆ. ಒಂದು ಮಾತನ್ನು ಇಲ್ಲಿ ಹೇಳಬೇಕು: ಕೋಲು ಪೂರೈಸುವವರ ಪಾಲಿಗೆ ಇದು ಬತ್ತದ ವ್ಯಾಪಾರ!

ಭದ್ರತೆಯ ಪ್ರಶ್ನೆಗೆ ಬರೋಣ. ಹಿರಿಯರು ಹೆಬ್ಬಾಗಿಲಿಗೆ ಹಣ ಕೊಡುವುದು ಮುಖ್ಯವಾಗಿ ಇದಕ್ಕಾಗಿಯೇ. ಎಡ್ವರ್ಡ್ ಬ್ಲೇಕ್ಲಿ ಮತ್ತು ಮೇರಿ ಗೇಲ್ ಸ್ನೈಡರ್ ಅವರು 1997ರಲ್ಲಿ ಪ್ರಕಟಿಸಿದ ‘ಫೋರ್ಟ್ರೆಸ್ ಅಮೆರಿಕ’ ಎಂಬ ಗ್ರಂಥವು ದ್ವಾರಗಳಿಂದ ಅಪರಾಧವು ಶಾಶ್ವತವಾಗಿ ಇಳಿಯುತ್ತದೆಂಬುದಕ್ಕೆ ಗಟ್ಟಿಯಾದ ಆಧಾರವಿಲ್ಲವೆಂದಿತು. ದ್ವಾರ ಹಾಕಿದ ಹೊಸತರಲ್ಲಿ ಕಳವು ಇಳಿದರೂ ಕೆಲಕಾಲದ ನಂತರ ಮೊದಲಿನ ಸ್ಥಿತಿಗೇ ಮರಳುವುದುಂಟು ಎಂಬುದು ಅವರ ಅಭಿಪ್ರಾಯ. ಇದಕ್ಕೆ ವಿರುದ್ಧವಾದ ಸಾಕ್ಷ್ಯವೂ ಇದೆ. ಅಮೆರಿಕದ ರಾಷ್ಟ್ರೀಯ ಅಪರಾಧ ಸಮೀಕ್ಷೆಯ ಅಂಕಿಅಂಶಗಳನ್ನು ಬಳಸಿ ಲಿನ್ ಆಡಿಂಗ್ಟನ್ ಮತ್ತು ಕ್ಯಾಲಿ ರೆನಿಸನ್ ಅವರು ನಡೆಸಿದ ಅಧ್ಯಯನದಲ್ಲಿ ದ್ವಾರವಿರುವ ಬಡಾವಣೆಗಳಲ್ಲಿ ಮನೆಗಳ್ಳತನ ಕಡಿಮೆಯೆಂದು ಕಂಡುಬಂದಿತು. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ, ದ್ವಾರವು ಕನ್ನ ಹಾಕುವವನಿಗೆ ಸ್ವಲ್ಪ ಅಡಚಣೆಯನ್ನು ಉಂಟುಮಾಡಬಹುದು, ಆದರೆ ಪುಸ್ತಿಕೆಯಲ್ಲಿ ಹೇಳುವಷ್ಟು ಅಲ್ಲ ಎಂದು ತಿಳಿಯುವುದು ನ್ಯಾಯ.

ಇಲ್ಲಿಯೇ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಹಿರಿಯರ ಹಣವನ್ನು ದೋಚುವವನು ಈಗ ಗೋಡೆ ಹಾರಿ ಬರುವುದಿಲ್ಲ, ದೂರವಾಣಿಯಲ್ಲಿ ಬರುತ್ತಾನೆ. ಅಮೆರಿಕದ ತನಿಖಾ ಸಂಸ್ಥೆಯಾದ ಎಫ್‌ಬಿಐ ಲೆಕ್ಕದ ಪ್ರಕಾರ 60 ವರ್ಷ ಮೀರಿದವರು 2023ರ ಒಂದೇ ವರ್ಷದಲ್ಲಿ ಅಂತರಜಾಲ ಹಾಗೂ ದೂರವಾಣಿ ವಂಚನೆಗಳಲ್ಲಿ ಕಳೆದುಕೊಂಡ ಹಣ 340 ಕೋಟಿ ಡಾಲರಿಗೂ ಅಧಿಕ. ‘ಡಿಜಿಟಲ್ ಅರೆಸ್ಟ್’ ಎಂಬ ಹೆಸರಿನ ವಂಚನೆಯಲ್ಲಿ ನಮ್ಮಲ್ಲಿಯೂ ಎಷ್ಟೋ ನಿವೃತ್ತರು ಜೀವಮಾನದ ಉಳಿತಾಯವನ್ನು ಕಳೆದುಕೊಂಡಿರುವುದು ಓದುಗರಿಗೆ ತಿಳಿದೇ ಇದೆ. ಎಷ್ಟೇ ಎತ್ತರದ ಹೆಬ್ಬಾಗಿಲೂ ಈ ಕಳ್ಳನನ್ನು ತಡೆಯಲಾರದು. ಇನ್ನು ದೇಹಕ್ಕೆ ಒದಗುವ ಅಪಾಯಗಳಲ್ಲಿ ಬೀಳುವುದು ಮುಖ್ಯವಾದುದು. ಅಮೆರಿಕದಲ್ಲಿ 65 ದಾಟಿದವರಲ್ಲಿ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಜನ ಪ್ರತಿ ವರ್ಷ ಬೀಳುತ್ತಾರೆ. ಹೃದಯ ಸ್ತಂಭನವಾದಾಗ ಪ್ರಥಮ ಚಿಕಿತ್ಸೆ ದೊರೆಯದ ಪ್ರತಿ ನಿಮಿಷಕ್ಕೂ ಬದುಕುವ ಸಾಧ್ಯತೆ ಶೇಕಡ 7ರಿಂದ 10ರಷ್ಟು ಇಳಿಯುತ್ತದೆ. ದಿ ವಿಲೇಜಸ್‌ನ ನಿವಾಸಿಗಳೇ ಬೀದಿ ಬೀದಿಗಳಲ್ಲಿ ಗುಂಪುಗಳನ್ನು ಕಟ್ಟಿಕೊಂಡು ಹೃದಯಕ್ಕೆ ವಿದ್ಯುತ್ ಆಘಾತ ಕೊಡುವ ಎಇಡಿ ಯಂತ್ರಗಳನ್ನು ಇಟ್ಟುಕೊಂಡಿದ್ದಾರೆ. ಪ್ರಾಣ ಉಳಿಸುವ ಲೆಕ್ಕದಲ್ಲಿ ಈ ಪುಟ್ಟ ಪೆಟ್ಟಿಗೆಯು ಮುಂಬಾಗಿಲಿನ ಕಮಾನಿಗಿಂತ ಎಷ್ಟೋ ಪಾಲು ಅಗ್ಗ ಹಾಗೂ ಉಪಯುಕ್ತ. ಸನ್ ಸಿಟಿಯವರು ಬಾಗಿಲಿನ ಬದಲು ಮನುಷ್ಯರನ್ನು ನೆಚ್ಚಿದರು. 1970ರ ದಶಕದಿಂದ ಅಲ್ಲಿ ನಿವೃತ್ತ ಸ್ವಯಂಸೇವಕರ ಪಡೆಯೊಂದು ಜಿಲ್ಲಾ ಷೆರೀಫರ ಆಶ್ರಯದಲ್ಲಿ ಗಸ್ತು ತಿರುಗುತ್ತಿದೆ. ಈಜುಕೊಳ, ಕ್ರೀಡಾ ಕೇಂದ್ರಗಳಿಗೆ ಮಾತ್ರ ಸದಸ್ಯತ್ವದ ಕಾರ್ಡ್ ಬೇಕು. ತಡೆ ಇರುವುದು ಸೌಲಭ್ಯಕ್ಕೆ, ರಸ್ತೆಗಲ್ಲ.

ಈಗ ವೆಚ್ಚ. ಒಂದು ವರ್ಷಕ್ಕೆ 8,760 ಗಂಟೆಗಳು. ಅಮೆರಿಕದಲ್ಲಿ ಕಾವಲುಗಾರನಿಗೆ ಗಂಟೆಗೆ 20 ಡಾಲರ್ ಖರ್ಚು ಬೀಳುತ್ತದೆಂದು ಲೆಕ್ಕಕ್ಕಾಗಿ ಹಿಡಿದರೆ ಒಂದು ದ್ವಾರಕ್ಕೆ ವರ್ಷಕ್ಕೆ 1,75,200 ಡಾಲರ್. ಬಡಾವಣೆಯಲ್ಲಿ 300 ಮನೆಗಳಿದ್ದರೆ ತಲಾ 584 ಡಾಲರ್, 6,600 ಮನೆಗಳಿದ್ದರೆ 27 ಡಾಲರಿಗಿಂತ ಕಡಿಮೆ. ನಮ್ಮ ಲೆಕ್ಕಕ್ಕೆ ಇಳಿಸಿ ನೋಡಿ. ವಾರಕ್ಕೆ 168 ಗಂಟೆ, ಒಬ್ಬನ ದುಡಿಮೆ 48 ಗಂಟೆ, ರಜೆ ಸೇರಿಸಿದರೆ ಒಂದು ದ್ವಾರಕ್ಕೆ ನಾಲ್ವರು ಬೇಕೇ ಬೇಕು. ಒಬ್ಬನಿಗೆ ಎಲ್ಲ ಸೇರಿ ತಿಂಗಳಿಗೆ 25 ಸಾವಿರ ರೂಪಾಯಿ ಎಂದಿಟ್ಟುಕೊಂಡರೆ ತಿಂಗಳಿಗೆ 1 ಲಕ್ಷ, ಅದರ ಮೇಲೆ ಶೇಕಡ 18ರ ಜಿಎಸ್‌ಟಿ. 100 ಮನೆಗಳಿದ್ದರೆ ತಲಾ 1,180 ರೂಪಾಯಿ, 40 ಮನೆಗಳಾದರೆ 2,950 ರೂಪಾಯಿ. ಎರಡನೆಯ ದ್ವಾರವೊಂದಿದ್ದರೆ ಇದು ಇಮ್ಮಡಿ. ಪಿಂಚಣಿಯಲ್ಲಿ ಬದುಕುವವನಿಗೆ ಇದು ಸಣ್ಣ ಮೊತ್ತವೇನಲ್ಲ. ಕಾವಲುಗಾರನ ಕನಿಷ್ಠ ವೇತನ ಏರುತ್ತಾ ಹೋಗುತ್ತದೆ, ಠೇವಣಿಯ ಬಡ್ಡಿಗೆ ಆ ಭರವಸೆಯಿಲ್ಲ.

ಇಲ್ಲಿಯೇ ವ್ಯವಹಾರದ ತಿರುಳಿದೆ. ನಿರ್ಮಾಪಕನಿಗೆ ಹೆಬ್ಬಾಗಿಲು ಒಂದು ಬಂಡವಾಳ ವೆಚ್ಚ. ಒಮ್ಮೆ ಕಟ್ಟುತ್ತಾನೆ, ಮನೆಯ ಬೆಲೆಯಲ್ಲಿ ಸೇರಿಸಿ ವಸೂಲು ಮಾಡುತ್ತಾನೆ, ಹೊರಡುತ್ತಾನೆ. ನಿವಾಸಿಗೆ ಅದು ಕೊನೆಯಿಲ್ಲದ ನಿರ್ವಹಣಾ ವೆಚ್ಚ. ಕೊಳ್ಳುವ ದಿನ ಯಾರೂ ಈ ಎರಡನ್ನೂ ಬೇರ್ಪಡಿಸಿ ತೋರಿಸುವುದಿಲ್ಲ. ಮಾರಾಟದ ಸಮಯದಲ್ಲಿ ಕಮಾನು ಮನೆಯ ಬೆಲೆಯನ್ನು ಏರಿಸುತ್ತದೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆ ಏರಿಕೆಯಲ್ಲಿ ಬಹುಪಾಲು ಯಾರ ಪೆಟ್ಟಿಗೆಗೆ ಸೇರುತ್ತದೆ ಎಂಬುದು ಮಾತ್ರ ನನ್ನ ಪ್ರಶ್ನೆ.

ಹೆಬ್ಬಾಗಿಲು ವ್ಯಾಪಾರಕ್ಕೂ ಅಡ್ಡ ಬರಬಹುದೆಂಬುದಕ್ಕೆ ಕ್ಯಾಲಿಫೋರ್ನಿಯಾದ ಲಗೂನಾ ಹಿಲ್ಸ್‌ನಲ್ಲಿ ನಡೆದ ಪ್ರಕರಣವೊಂದು ನಿದರ್ಶನವಾಗಿದೆ. ಅದೂ ಲೀಷರ್ ವರ್ಲ್ಡ್ ಎಂಬ ಹೆಸರಿನದೇ ಮತ್ತೊಂದು ನಿವೃತ್ತರ ಬಡಾವಣೆ. ಅಲ್ಲಿನ ಆಡಳಿತ ಸಂಸ್ಥೆಯು ಒಂದು ಪತ್ರಿಕೆಯನ್ನು ಮನೆ ಮನೆಗೆ ಉಚಿತವಾಗಿ ಹಂಚಲು ಬಿಟ್ಟು, ಅದರ ಪ್ರತಿಸ್ಪರ್ಧಿಯಾದ ಇನ್ನೊಂದು ಉಚಿತ ಪತ್ರಿಕೆಯನ್ನು ದ್ವಾರದಲ್ಲಿಯೇ ತಡೆಯಿತು. 1982ರಲ್ಲಿ ಆ ರಾಜ್ಯದ ಮೇಲ್ಮನವಿ ನ್ಯಾಯಾಲಯವು ಈ ತಾರತಮ್ಯ ಸಲ್ಲದೆಂದು ತೀರ್ಪಿತ್ತಿತು. ಉಚಿತ ಪತ್ರಿಕೆಯ ಜೀವಾಳ ಜಾಹೀರಾತು. ಆದ್ದರಿಂದ ದ್ವಾರದಲ್ಲಿ ನಿಂತಿದ್ದು ಸುದ್ದಿಯೊಂದೇ ಅಲ್ಲ, ಸುತ್ತಲಿನ ಅಂಗಡಿಕಾರರ ಮಾತೂ ಕೂಡ. ನಮ್ಮ ಊರುಗಳ ಹಳೆಯ ಅಗಸೆ ಬಾಗಿಲಿನ ಪಕ್ಕದಲ್ಲಿಯೇ ಸುಂಕದ ಕಟ್ಟೆ ಇರುತ್ತಿದ್ದುದು ಆಕಸ್ಮಿಕವಲ್ಲ. ಒಳಗೆ ಬಿಡುವ ಅಧಿಕಾರ ಒಂದೇ ಕೈಯಲ್ಲಿದ್ದರೆ ತರಕಾರಿ ಗಾಡಿಯವನು, ಔಷಧಿ ತರುವವನು, ಕೊಳಾಯಿ ರಿಪೇರಿಯವನು ಎಲ್ಲರೂ ಆ ಕೈಯನ್ನು ನೋಡಬೇಕಾಗುತ್ತದೆ. ಒಬ್ಬನೇ ಗುತ್ತಿಗೆದಾರನಿಗೆ ಪ್ರವೇಶವಿರುವ ಬಡಾವಣೆಯಲ್ಲಿ ನಲ್ಲಿಯ ವಾಷರ್ ಬದಲಿಸುವ ದರವೂ ಅವನು ಹೇಳಿದಷ್ಟೇ.

ಹೆಬ್ಬಾಗಿಲು ಎಲ್ಲಿಯೂ ಬೇಡವೆಂಬುದು ನನ್ನ ವಾದವಲ್ಲ. ಒಳಗಿನ ರಸ್ತೆ ನಿಜವಾಗಿ ಖಾಸಗಿಯಾಗಿದ್ದು, ಮನೆಗಳು ನೂರಾರಿದ್ದು, ಪ್ರವೇಶ ಒಂದೇ ಆಗಿದ್ದರೆ ಅದು ಹಣಕ್ಕೆ ತಕ್ಕ ಕೆಲಸ ಮಾಡಬಲ್ಲದು. ಮರೆವಿನ ಕಾಯಿಲೆಯುಳ್ಳ ಹಿರಿಯರು ದಾರಿ ತಪ್ಪಿ ಹೊರನಡೆಯುವುದನ್ನು ಗಮನಿಸುವ ಒಬ್ಬ ಮನುಷ್ಯ ಅಲ್ಲಿದ್ದರಂತೂ ಅದರ ಬೆಲೆ ಬೇರೆಯೇ. ಆದರೆ ಅಲ್ಲಿ ಕೆಲಸ ಮಾಡುವುದು ಕಮಾನಲ್ಲ, ಆ ಮನುಷ್ಯ. ಕಾರ್ಖಾನೆ ನಡೆಸುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಮ್ಮ ಗೇಟಿನ ಉಪಯೋಗವಿರುವುದು ಕಬ್ಬಿಣದಲ್ಲಲ್ಲ, ಒಳಬಂದ ಮಾಲನ್ನೂ ಹೊರಹೋದ ಮಾಲನ್ನೂ ಬರೆದಿಡುವ ಪುಸ್ತಕದಲ್ಲಿ. ಪುಸ್ತಕ ಬರೆಯದ ಕಾವಲುಗಾರನಿಗಿಂತ ಬೀದಿ ದೀಪ ವಾಸಿ. ನಲವತ್ತು ಐವತ್ತು ಮನೆಗಳ ಚಿಕ್ಕ ಬಡಾವಣೆಗೆ ಎರಡು ದ್ವಾರಗಳನ್ನು ಕಟ್ಟಿ, ಒಂದರಲ್ಲಿ ರಾತ್ರಿ ನಿದ್ರಿಸುವ ಕಾವಲುಗಾರನನ್ನೂ ಇನ್ನೊಂದರಲ್ಲಿ ಕೆಟ್ಟುನಿಂತ ತಡೆಗೋಲನ್ನೂ ಇಡುವುದು ಶುದ್ಧ ಅಪವ್ಯಯ.

ಕರ್ನಾಟಕದ ನಿರ್ಮಾಪಕರು ಹಾಗೂ ಗ್ರಾಹಕರು ಗಮನಿಸಲೇಬೇಕಾದ ಕಾನೂನಿನ ಅಂಶವೊಂದಿದೆ. ಬಡಾವಣೆಯ ವಿನ್ಯಾಸಕ್ಕೆ ಅನುಮೋದನೆ ಪಡೆಯುವಾಗ ರಸ್ತೆ ಹಾಗೂ ಉದ್ಯಾನಗಳನ್ನು ಪ್ರಾಧಿಕಾರಕ್ಕೆ ಅಥವಾ ಸ್ಥಳೀಯ ಸಂಸ್ಥೆಗೆ ಬಿಟ್ಟುಕೊಡುವ ಪದ್ಧತಿ ನಮ್ಮಲ್ಲಿದೆ. ಹೀಗೆ ಬಿಟ್ಟುಕೊಟ್ಟ ರಸ್ತೆಗಳು ಸಾರ್ವಜನಿಕವಾದವು, ಅಲ್ಲಿ ಹೊರಗಿನವರ ಸಂಚಾರವನ್ನು ತಡೆಯುವಂತಿಲ್ಲವೆಂದು ಬೆಂಗಳೂರಿನ ಬಡಾವಣೆಯೊಂದರ ಪ್ರಕರಣದಲ್ಲಿ ನಮ್ಮ ಉಚ್ಚ ನ್ಯಾಯಾಲಯವು 2022ರಲ್ಲಿ ಹೇಳಿದೆ. ಅಂದರೆ ಫ್ಲಾರಿಡಾದ ಕೆಂಪು ಗುಂಡಿ ನಮ್ಮ ಎಷ್ಟೋ ಹೆಬ್ಬಾಗಿಲುಗಳಲ್ಲಿ ಕಣ್ಣಿಗೆ ಕಾಣದಂತೆ ಇದ್ದೇ ಇದೆ. ರಸ್ತೆಯನ್ನು ಖಾಸಗಿಯಾಗಿಯೇ ಉಳಿಸಿಕೊಂಡರೆ ತಡೆಯುವ ಹಕ್ಕು ಉಳಿಯುತ್ತದೆ, ಜೊತೆಗೆ ಡಾಂಬರು, ಚರಂಡಿ, ಬೀದಿ ದೀಪಗಳ ಖರ್ಚೂ ನಿವಾಸಿಗಳ ಹೆಗಲಿಗೇ ಬರುತ್ತದೆ.

ಆದುದರಿಂದ ನಿರ್ಮಾಪಕ ಸದಸ್ಯರಲ್ಲಿ ನನ್ನದೊಂದು ಸಲಹೆ. ಪುಸ್ತಿಕೆಯಲ್ಲಿ ಹೆಬ್ಬಾಗಿಲಿನ ಚಿತ್ರವನ್ನು ಅಚ್ಚು ಹಾಕಿಸುವಾಗ ಅದರ ಕೆಳಗೆ ಎರಡು ಸಾಲುಗಳನ್ನು ಸೇರಿಸಲಿ: ಒಳಗಿನ ರಸ್ತೆ ಯಾರ ಹೆಸರಿನಲ್ಲಿದೆ ಎಂಬುದು ಒಂದು, ಹಸ್ತಾಂತರದ ನಂತರ ಈ ದ್ವಾರಕ್ಕೆ ಪ್ರತಿ ಮನೆಯೂ ತಿಂಗಳಿಗೆ ತೆರಬೇಕಾದ ಮೊತ್ತ ಎಷ್ಟು ಎಂಬುದು ಇನ್ನೊಂದು. ರೇರಾ ಕಾಯಿದೆಯ ಮೇರೆಗೆ ಸಾಮಾನ್ಯ ಪ್ರದೇಶಗಳು ನಿವಾಸಿಗಳ ಸಂಘಕ್ಕೆ ವರ್ಗವಾಗಲೇಬೇಕಾದುದರಿಂದ ಈ ಎರಡೂ ಮಾಹಿತಿಗಳು ನಿರ್ಮಾಪಕರ ಬಳಿ ಇದ್ದೇ ಇರುತ್ತವೆ. ಕೊಳ್ಳಲು ಹೋಗುವ ಸದಸ್ಯರು ಅದನ್ನು ಲಿಖಿತವಾಗಿ ಕೇಳಿ ಪಡೆಯುವುದು ಲೇಸು, ಮುಂಗಡ ಕೊಡುವ ಮೊದಲು.