ತಾತನ ಡಬ್ಬಿಯ ಹತ್ತು ಪೈಸೆ

ಮೊನ್ನೆ ಮೊಮ್ಮಗಳು ಪರೀಕ್ಷೆಯ ಹಾಳೆಯನ್ನು ಚೀಲದ ತಳದಲ್ಲಿ ಬಚ್ಚಿಟ್ಟಿದ್ದಳು. 0.8, 0.9 ಆದ ಮೇಲೆ 0.10 ಎಂದು ಬರೆದಿದ್ದಳು. ಅದರ ಮೇಲೆ ಕೆಂಪು ಗೆರೆ.

"ಒಂಬತ್ತಾದ ಮೇಲೆ ಹತ್ತೇ ಅಲ್ವಾ ತಾತ? ನೀವೇ ಹೇಳಿಕೊಟ್ಟಿದ್ದು!"

ನಿಜ. ಪಾಯಿಂಟ್ ಎಂಟು, ಪಾಯಿಂಟ್ ಒಂಬತ್ತು ಎಂದು ಬಾಯಿಪಾಠ ಮಾಡಿಸಿದವನು ನಾನೇ.

ಹಳೆಯ ಡಬ್ಬಿ ತೆಗೆದೆ. ಅಂಚು ಅಲೆಅಲೆಯಾಗಿರುವ ಅಲ್ಯೂಮಿನಿಯಂ ಹತ್ತು ಪೈಸೆಗಳು. (1957ರಲ್ಲಿ ಆಣೆ ಲೆಕ್ಕ ಹೋಗಿ ರೂಪಾಯಿಗೆ ನೂರು ಪೈಸೆ ಆಯಿತು, ಮಕ್ಕಳೇ.) ಒಂದೊಂದೂ ರೂಪಾಯಿಯ ಹತ್ತರಲ್ಲಿ ಒಂದು ಭಾಗ, ಅಂದರೆ 0.1. ಅವಳೇ ಜೋಡಿಸಿದಳು. ಒಂಬತ್ತು ನಾಣ್ಯಕ್ಕೆ 0.9. ಇನ್ನೊಂದು ಇಟ್ಟು ಸುಮ್ಮನಾದಳು.

"ತಾತ, ಒಂದು ರೂಪಾಯಿ ಆಗೋಯ್ತು!"

"ಹಾಗಾದರೆ 0.10?"

ಒಂಬತ್ತನ್ನು ಪಕ್ಕಕ್ಕೆ ಸರಿಸಿದಳು. "ಹತ್ತು ಪೈಸೆ. 0.1 ಕೂಡ ಇದೇ!"

ಹಾಳೆ ಹಿಡಿದು ಅಮ್ಮನ ಬಳಿಗೆ ಓಡಿದಳು. ನಾಣ್ಯಗಳನ್ನು ಮಾತ್ರ ಇನ್ನೂ ಹಿಂದಕ್ಕೆ ಕೊಟ್ಟಿಲ್ಲ.